ಮಕ್ಕಳನ್ನು ಕಟ್ಟಿಕೊಂಡು ಕುಸ್ವಾರ್ ಮಾಡಿದ್ದು

ನನ್ನ ಹೆಂಡತಿ ನರ್ಸ್. 2024ರ ಡಿಸೆಂಬರಿನ ಡ್ಯೂಟಿ ಪಟ್ಟಿ ಬಂದಾಗ 24ರ ರಾತ್ರಿ ಪಾಳಿ ಅವಳ ಹೆಸರಿಗೇ ಬಿದ್ದಿತ್ತು. ಅಮ್ಮನಿಗೆ ಮಂಡಿನೋವು, ಒಲೆ ಮುಂದೆ ಹತ್ತು ನಿಮಿಷ ನಿಲ್ಲಲು ಆಗುವುದಿಲ್ಲ. ಮನೆಯಲ್ಲಿ ಆರು ವರ್ಷದ ಮಗಳು, ಮೂರು ವರ್ಷದ ಮಗ. "ಈ ಸಲ ಕ್ರಿಸ್ಮಸಿನ ಕುಸ್ವಾರ್ ತಿಂಡಿ ಬೇಕರಿಯಿಂದ ತರುವ" ಎಂದಳು ಹೆಂಡತಿ. ಅಮ್ಮ ಏನೂ ಹೇಳಲಿಲ್ಲ. ಹೇಳದೇ ಇದ್ದದ್ದೇ ಜಾಸ್ತಿ ಚುಚ್ಚಿತು. ನಾನೇ ಮಾಡುತ್ತೇನೆ ಎಂದುಬಿಟ್ಟೆ. ಅಲ್ಲಿಯವರೆಗೆ ನನ್ನ ಕೆಲಸ ಅಂದರೆ ಎಣ್ಣೆ ತಂದುಕೊಡುವುದು, ಆಮೇಲೆ ಡಬ್ಬಿ ಖಾಲಿ ಮಾಡುವುದು, ಅಷ್ಟೇ.

ಮಂಗಳೂರಿನ ಕಥೊಲಿಕರ ಮನೆಯ ಕ್ರಿಸ್ಮಸ್ ತಿಂಡಿಗಳಿಗೆಲ್ಲ ಸೇರಿಸಿ ಕುಸ್ವಾರ್ ಅನ್ನುತ್ತೇವೆ. ಕಿಡಿಯೊ, ನೆವ್ರಿ (ಕರ್ಜಿಕಾಯಿ), ಗುಳಿಯೊ, ರೋಸ್ ಕುಕ್ಕಿ, ತುಕ್ಡಿ, ಚಕ್ಕುಲಿ, ಲಾಡು, ಕೇಕ್. ಅಮ್ಮ ಗಟ್ಟಿಯಿದ್ದಾಗ ಒಂಬತ್ತು ಬಗೆ ಮಾಡುತ್ತಿದ್ದಳು. ಮಕ್ಕಳನ್ನು ಅಡುಗೆಮನೆ ಹತ್ತಿರ ಬಿಡುತ್ತಿರಲಿಲ್ಲ. ನನಗೆ ಆ ದಾರಿ ಇರಲಿಲ್ಲ. ಇವರಿಬ್ಬರನ್ನು ಹೊರಗೆ ಹಾಕಿದರೆ ನೋಡಿಕೊಳ್ಳಲು ಯಾರಿದ್ದಾರೆ? ಹಾಗಾಗಿ ತಿಂಡಿ ಆರಿಸುವಾಗ ರುಚಿ ನೋಡಲಿಲ್ಲ, ಈ ಎರಡು ಜೊತೆ ಕೈಗೆ ಯಾವುದು ಆಗುತ್ತದೆ ಅಂತ ನೋಡಿದೆ.

ಮೊದಲು ಬಿಟ್ಟದ್ದು ಗುಳಿಯೊ. ಅಕ್ಕಿಹಿಟ್ಟು, ತೆಂಗಿನಹಾಲಿನ ಸಣ್ಣ ಉಂಡೆ ಅದು. ಹಿಟ್ಟಿನ ಹದ ಸ್ವಲ್ಪ ತಪ್ಪಿದರೂ ಎಣ್ಣೆಯಲ್ಲಿ ಪಟಾಕಿ ಹಾಗೆ ಸಿಡಿಯುತ್ತದೆ. ನಾನು ಸಣ್ಣವನಿದ್ದಾಗ ಒಂದು ಉಂಡೆ ಹಾರಿ ನಮ್ಮ ಅಡುಗೆಮನೆಯ ಮಾಡಿಗೆ ಬಡಿದದ್ದನ್ನು ನೋಡಿದ್ದೇನೆ. ಮಕ್ಕಳಿರುವ ಮನೆಗೆ ಬೇಡವೇ ಬೇಡ. ರೋಸ್ ಕುಕ್ಕಿಯಲ್ಲಿ ಕಾದ ಅಚ್ಚನ್ನು ಹಿಟ್ಟಿಗೆ ಮುಕ್ಕಾಲು ಭಾಗ ಅದ್ದಿ ಎಣ್ಣೆಗೆ ಇಳಿಸಬೇಕು. ಅದರಲ್ಲಿ ಮಕ್ಕಳಿಗೆ ಕೆಲಸವೇ ಇಲ್ಲ. ಅವರು ಮಲಗಿದ ಮೇಲೆ ಒಂದು ರಾತ್ರಿ ಒಬ್ಬನೇ ಮಾಡಿ ಮುಗಿಸಿದೆ. ಉಳಿದದ್ದು ನೆವ್ರಿ ಮತ್ತು ಕಿಡಿಯೊ.

ಕಿಡಿಯೊ ಅಂದರೆ ಕೊಂಕಣಿಯಲ್ಲಿ ಹುಳುಗಳು. ನನ್ನ ಮಗನಿಗೆ ಇಷ್ಟು ಹೇಳಿದ್ದೇ ಸಾಕಾಯಿತು. "ಹುಳ ಮಾಡುವ, ಹುಳ ಮಾಡುವ" ಅಂತ ಬೆಳಿಗ್ಗೆಯಿಂದ ಹಿಂದೆ ಬಿದ್ದ.

ಅರ್ಧ ಕಿಲೋ ಮೈದಾ, ಒಂದು ಮೊಟ್ಟೆ, ಪುಡಿ ಮಾಡಿದ ಸಕ್ಕರೆ ನೂರು ಗ್ರಾಂ, ಚಿಟಿಕೆ ಉಪ್ಪು, ಎರಡು ಚಮಚ ಬಿಸಿ ತುಪ್ಪ. ಕಲಸಲು ಬೇಕಾದಷ್ಟು ದಪ್ಪ ತೆಂಗಿನಹಾಲು. ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಬೇಕು. ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಇಟ್ಟೆ. ಆಮೇಲೆ ಗೋಲಿಯಷ್ಟು ಉಂಡೆ ತೆಗೆದು, ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಚಪ್ಪಟೆ ಮಾಡಿ, ಸುರುಳಿ ಸುತ್ತುವುದು. ಬೆನ್ನ ಮೇಲೆ ಗೆರೆ ಗೆರೆ ಬರುತ್ತದೆ. ಫೋರ್ಕಿನಲ್ಲೂ ಆಗುತ್ತದೆ. ಆದರೆ ಫೋರ್ಕಿನ ಮೊನೆ ಮೂರು ವರ್ಷದವನ ಕೈಗೆ ಸರಿಯಲ್ಲ, ಬಾಚಣಿಗೆಯೇ ಒಳ್ಳೆಯದು. ಹಂಪನಕಟ್ಟೆಯಿಂದ ಎರಡು ಒಂದೇ ಬಣ್ಣದ ಬಾಚಣಿಗೆ ತಂದೆ. ಬೇರೆ ಬೇರೆ ಬಣ್ಣ ತಂದಿದ್ದರೆ ಜಗಳದಲ್ಲೇ ಹಿಟ್ಟು ಒಣಗುತ್ತಿತ್ತು.

ಹಾಲ್‌ನ ನೆಲಕ್ಕೆ ಹಳೆ ಬೆಡ್‌ಶೀಟ್ ಹಾಸಿ ಮಕ್ಕಳನ್ನು ಕೂರಿಸಿದೆ. ಅಮ್ಮ ಕುರ್ಚಿಯಲ್ಲಿ ಕೂತು ಮೇಸ್ತ್ರಿ. ಕಾಯಿಸುವ ಕೆಲಸ ಮಕ್ಕಳು ನಿದ್ದೆ ಮಾಡಿದ ಮೇಲೆ, ಅವರು ಎಚ್ಚರ ಇದ್ದಾಗ ಬಾಣಲೆ ಒಲೆ ಮೇಲೆ ಏರುವುದೇ ಇಲ್ಲ. ಈ ಒಂದು ನಿಯಮ ಮಾತ್ರ ನಾನು ಯಾವತ್ತೂ ಮುರಿಯಲಿಲ್ಲ.

ಮಗಳ ಕಿಡಿಯೊ ಹತ್ತು ಹನ್ನೆರಡು ಆಗುವಷ್ಟರಲ್ಲಿ ಅಂಗಡಿಯದಕ್ಕೆ ಸಮ ಬಂತು. ಮಗನದ್ದು ಹೆಬ್ಬೆರಳಿನಷ್ಟು ದಪ್ಪ. ತಿದ್ದಲು ಹೋದೆ. "ಅದು ಅಪ್ಪ ಹುಳ" ಎಂದ. ಬಿಟ್ಟುಬಿಟ್ಟೆ. ಆದರೆ ದಪ್ಪದ್ದನ್ನೂ ಸಪೂರದ್ದನ್ನೂ ಒಟ್ಟಿಗೆ ಎಣ್ಣೆಗೆ ಹಾಕಿದರೆ ಒಂದು ಕರಟುತ್ತದೆ, ಇನ್ನೊಂದರ ಒಳಗೆ ಹಸಿ ಉಳಿಯುತ್ತದೆ. ಅದಕ್ಕೆ ಅವನಿಗೆ ಬೇರೆ ತಟ್ಟೆ ಕೊಟ್ಟೆ, ಸಣ್ಣ ಉರಿಯಲ್ಲಿ ಬೇರೆಯೇ ಕಾಯಿಸಿದೆ. ತನಗೇ ಬೇರೆ ತಟ್ಟೆ ಅಂತ ಅವನಿಗೆ ದೊಡ್ಡ ಜಂಬ.

ನೆವ್ರಿ ಅಷ್ಟು ಸುಲಭ ಅಲ್ಲ ಮಾರಾಯ್ರೆ. ಹೂರಣ ಎಳ್ಳು, ಹುರಿದ ಕೊಬ್ಬರಿ, ಸಕ್ಕರೆ, ದ್ರಾಕ್ಷಿ, ಗೋಡಂಬಿ, ಏಲಕ್ಕಿಯದು. ಮಗಳು ಚಮಚದಲ್ಲಿ ಅಳೆದು ಹಾಕುತ್ತಿದ್ದಳು, ಮಗ ಅದರಿಂದ ದ್ರಾಕ್ಷಿ ಆರಿಸಿ ತಿನ್ನುತ್ತಿದ್ದ. ಅಂಚು ಸರಿ ಒತ್ತದ ಎರಡು ನೆವ್ರಿ ಬಾಣಲೆಯಲ್ಲಿ ಬಾಯಿ ಬಿಟ್ಟವು. ಸಕ್ಕರೆ ಕರಗಿ, ಎಳ್ಳು ಸುಟ್ಟು ಎಣ್ಣೆಯೆಲ್ಲ ಕಪ್ಪು. ಸೋಸಿದರೂ ಪ್ರಯೋಜನ ಆಗಲಿಲ್ಲ. ಮುಂದಿನ ಸಲ ಅಂಚಿಗೆ ಮೈದಾ ನೀರು ಸವರಿ, ನಾನೇ ಇನ್ನೊಮ್ಮೆ ಒತ್ತಿ ನೋಡಿದ ಮೇಲೆಯೇ ಎಣ್ಣೆಗೆ.

ಇದಕ್ಕಿಂತ ದೊಡ್ಡ ತಪ್ಪು ದಿನ ಆರಿಸಿದ್ದರಲ್ಲಿ. ಫೆಂಗಲ್ ಚಂಡಮಾರುತದ ಮಳೆಗೆ ಡಿಸೆಂಬರ್ 3ಕ್ಕೆ ಶಾಲೆಗೆ ರಜೆ ಕೊಟ್ಟಿದ್ದರು. ಮಕ್ಕಳು ಮನೆಯಲ್ಲೇ, ಒಳ್ಳೆ ಅವಕಾಶ ಅಂತ ಅವತ್ತೇ ಮೊದಲ ಕಂತು ಕಿಡಿಯೊ ಮಾಡಿದೆ. ಹೊರಗೆ ಮಳೆ, ಒಳಗೆ ಥಂಡಿ. ಪೂರ್ತಿ ಆರುವ ಮೊದಲೇ ಡಬ್ಬಿಗೆ ತುಂಬಿಸಿದ್ದೆ ಬೇರೆ. ಎರಡೇ ದಿನದಲ್ಲಿ ಎಲ್ಲ ಮೆತ್ತಗೆ. ಓವನ್ನಿನಲ್ಲಿ ಸಣ್ಣ ಬಿಸಿಗೆ ಇಟ್ಟು ಒಣಗಿಸಿದೆ. ಗರಿಗರಿ ಅರ್ಧ ವಾಪಸ್ ಬಂತು. "ಕುಸ್ವಾರಿಗೆ ಇಷ್ಟು ಬೇಗ ಯಾರಾದರೂ ಕೂರುತ್ತಾರಾ?" ಎಂದಳು ಅಮ್ಮ. ಮೊದಲೇ ಹೇಳಬಹುದಿತ್ತು ಅಲ್ವಾ.

ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ, ಹುಲ್ಲಿನ ಕಥೆಯೂ ಸುಮಾರು ಹೀಗೆಯೇ. ನಮ್ಮಲ್ಲಿ ಗೋದಲಿಯ ಹೊಲಕ್ಕೆ ಭತ್ತವೋ ರಾಗಿಯೋ ತಟ್ಟೆಯಲ್ಲಿ ಬಿತ್ತಿ ಮೊಳಕೆ ಬರಿಸುತ್ತೇವೆ. ಭತ್ತವನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬಂದ ಮೇಲೆ ಮಗನ ಕೈಯಿಂದಲೇ ಬಿತ್ತಿಸಿದೆ. ನೀರು ಹಾಕುವ ಕೆಲಸ ಕೂಡ ಅವನಿಗೇ ಕೊಟ್ಟೆ. ಅರ್ಧ ಗಂಟೆಗೊಮ್ಮೆ ಒಂದು ಲೋಟ! ನಾಲ್ಕನೇ ದಿನ ತಟ್ಟೆ ಕೊಳೆತು ನಾರುತ್ತಿತ್ತು. ಎರಡನೇ ಸಲ ರಾಗಿ ಬಿತ್ತಿದೆ. ಲೋಟ ಕಿತ್ತುಕೊಂಡು, ಬಟ್ಟೆ ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿ ಕೊಟ್ಟೆ. ಎಷ್ಟು ಸಲ ಒತ್ತಿದರೂ ಮಣ್ಣು ಹದವಾಗಿ ಒದ್ದೆಯಾಗುತ್ತದೆ ಅಷ್ಟೇ. ಕ್ರಿಸ್ಮಸಿಗೆ ಎರಡು ಬೆರಳು ಎತ್ತರದ ಹಸಿರು ಬಂತು, ಕುರಿಗಳು ನಿಲ್ಲುವಷ್ಟು.

24ರ ಮಧ್ಯಾಹ್ನ ತಟ್ಟೆ ಹಂಚುವ ಕೆಲಸ. ಕೆಳಗಿನ ಮನೆಯ ಭಟ್ಟರು ಮೊಟ್ಟೆ ತಿನ್ನುವುದಿಲ್ಲ. ಅವರಿಗೆ ಅಂತ ಬರೀ ತೆಂಗಿನಹಾಲಿನಲ್ಲಿ ಕಲಸಿದ ಕಿಡಿಯೊ ಮೊದಲೇ ಬೇರೆ ಎಣ್ಣೆಯಲ್ಲಿ ಕಾಯಿಸಿ, ಡಬ್ಬಿ ಮೇಲೆ ಹೆಸರು ಅಂಟಿಸಿದ್ದೆ. ಮಗಳು ಪ್ರತಿ ತಟ್ಟೆಗೂ ಎಣಿಸಿ ಇಟ್ಟಳು. ತಮ್ಮನ ದಪ್ಪ ಹುಳಗಳನ್ನು ಮಾತ್ರ ಯಾರ ತಟ್ಟೆಗೂ ಹಾಕಲು ಬಿಡಲಿಲ್ಲ. "ನಾಚಿಕೆ ಆಗ್ತದೆ ಪಪ್ಪ" ಎಂದಳು. ಅವನು ಅಳಲು ಶುರು.

ಕೊನೆಗೆ ಹೆಂಡತಿಯೇ ದಾರಿ ತೋರಿಸಿದಳು. "ಅದನ್ನು ನನಗೆ ಕಟ್ಟಿಕೊಡು ಮಗಾ, ರಾತ್ರಿ ಡ್ಯೂಟಿಗೆ ಬೇಕು." ಅವನೇ ಸ್ಟೀಲ್ ಡಬ್ಬಿಗೆ ತುಂಬಿಸಿದ. ಅವಳು ಡ್ಯೂಟಿಗೆ, ನಾವು ಇಗರ್ಜಿಗೆ (ಚರ್ಚಿಗೆ). ಹೆಸರು ನಡುರಾತ್ರಿ ಪೂಜೆ ಆದರೂ ನಮ್ಮಲ್ಲಿ ಈಗ ಸಂಜೆಯೇ ಶುರು. ಸಣ್ಣ ಮಕ್ಕಳಿರುವವರಿಗೆ ಅದು ದೊಡ್ಡ ಉಪಕಾರ. ಆದರೂ ಪಾದ್ರಿಗಳ ಪ್ರವಚನ ಮುಗಿಯುವ ಮೊದಲೇ ಮಗ ನನ್ನ ಹೆಗಲ ಮೇಲೆ ನಿದ್ದೆ. ಮನೆಗೆ ಬಂದು ಬಾಲಯೇಸುವನ್ನು ಗೋದಲಿಯಲ್ಲಿ ಇಟ್ಟದ್ದು ಮಗಳು.

ಬೆಳಿಗ್ಗೆ ಹೆಂಡತಿ ಬಂದಾಗ ಅವನು ಬಾಗಿಲಲ್ಲೇ ಕಾಯುತ್ತಿದ್ದ. ಡಬ್ಬಿ ಖಾಲಿ.

"ಎಲ್ಲ ಡ್ಯೂಟಿಯವರೂ ತಿಂದರು ಮಗಾ" ಎಂದಳು.

ಅವನು ಅಜ್ಜಿಗೆ ಹೇಳಲು ಒಳಗೆ ಓಡಿದ ಮೇಲೆ ನನ್ನ ಕಡೆ ತಿರುಗಿದಳು. "ಕಲ್ಲು ಮಾರಾಯ್ರೆ. ಚಾದಲ್ಲಿ ಅದ್ದಿ ಅದ್ದಿ ಮುಗಿಸಿದೆವು."