ಟಬ್ಬಿನ ಉಪ್ಪುನೀರಿನಲ್ಲಿ ಹೊಟ್ಟೆಯ ರಕ್ತಸ್ರಾವ: ಇಐಟಿ ಪ್ರಯೋಗ ಮಾಡುವ ಬಗೆ

ಪೆಟ್ಟು ಬಿದ್ದವರ ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೇ ಎಂಬುದನ್ನು ಆಸ್ಪತ್ರೆಗಳಲ್ಲಿ ಅಲ್ಟ್ರಾಸೌಂಡ್ ಮತ್ತು ಸಿ.ಟಿ. ಸ್ಕ್ಯಾನ್‌ಗಳಿಂದ ತಿಳಿಯುತ್ತಾರೆ. ಅವು ಆ ಕ್ಷಣದ ಚಿತ್ರ ಕೊಡುತ್ತವೆ. ಗಂಟೆಗಟ್ಟಲೆ ಹಾಸಿಗೆಯ ಪಕ್ಕದಲ್ಲೇ ನಿಗಾ ಇಡುವುದಕ್ಕೆ ಎಲೆಕ್ಟ್ರಿಕಲ್ ಇಂಪಿಡೆನ್ಸ್ ಟೊಮೊಗ್ರಫಿ, ಅಂದರೆ ಮೈಸುತ್ತಲಿನ ಬಿಂದುಗಳಿಂದ ಸಣ್ಣ ವಿದ್ಯುತ್ ಹರಿಸಿ, ವೋಲ್ಟೇಜ್ ಅಳೆದು ಒಳಗಿನ ಚಿತ್ರ ಮೂಡಿಸುವ ಇಐಟಿ, ಒದಗೀತೇ ಎಂಬುದು ಇನ್ನೂ ಸಂಶೋಧನೆಯ ಹಂತದಲ್ಲಿದೆ. ರಕ್ತದ ವಾಹಕತೆ (ವಿದ್ಯುತ್ತನ್ನು ಹರಿಯಬಿಡುವ ಗುಣ) ಮೀಟರಿಗೆ ಸುಮಾರು 0.7 ಸೀಮೆನ್ಸ್ ಇದ್ದರೆ ಕೊಬ್ಬಿನದು ಅದರ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಇಡೀ ವಿಧಾನ ನಿಂತಿರುವುದು ಈ ಅಂತರದ ಮೇಲೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನು ಕಾಲೇಜಿನ ಪ್ರಯೋಗಾಲಯದಲ್ಲಿ, ಮನುಷ್ಯರ ಮೇಲಲ್ಲದೆ ಟಬ್ಬಿನಲ್ಲಿ, ಮಾಡಿ ನೋಡಬಹುದು.

ಬದಿ ನೇರವಾಗಿರುವ, 30 ಸೆಂ.ಮೀ. ವ್ಯಾಸದ ಪ್ಲಾಸ್ಟಿಕ್ ಟಬ್ಬಿನ ಸುತ್ತ ಒಂದೇ ಎತ್ತರದಲ್ಲಿ, ಸಮಾನ ಅಂತರದಲ್ಲಿ 16 ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳನ್ನು ಕೂರಿಸಬೇಕು. ವೈರ್, ಸ್ಕ್ರೂಗಳನ್ನು ಸರದಿಯಂತೆ ಜೋಡಿಸುವ ಮಲ್ಟಿಪ್ಲೆಕ್ಸರ್ ಚಿಪ್‌ಗಳಿಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯನ್ನು ಒಮ್ಮೆ ಸುತ್ತಿದರೆ ಸಾಕು. ನೀರಿನ ವಿಷಯದಲ್ಲಿ ಬೆಂಗಳೂರಿನವರಿಗೆ ವಿಶೇಷ ಎಚ್ಚರ ಬೇಕು: ಒಂದು ದಿನ ಕಾವೇರಿ, ಮರುದಿನ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬರುವ ಕಟ್ಟಡದಲ್ಲಿ ನಲ್ಲಿ ನೀರಿನ ಲವಣಾಂಶವೇ ಬದಲಾಗುವುದರಿಂದ ನಿನ್ನೆಯ ಅಳತೆ ಇಂದಿನದಕ್ಕೆ ಹೊಂದುವುದಿಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ಗೆ ಲೀಟರಿಗೆ 1 ಗ್ರಾಂ ಉಪ್ಪು ಕರಗಿಸಿ, 5 ಸೆಂ.ಮೀ. ಆಳಕ್ಕೆ ತುಂಬಿರಿ.

ರಕ್ತದ ಬದಲಿಗೆ ಲೀಟರಿಗೆ 4 ಗ್ರಾಂ ಉಪ್ಪು, 20 ಗ್ರಾಂ ಚೈನಾ ಗ್ರಾಸ್ (ಅಗರ್) ಹಾಕಿ ಕುದಿಸಿ, 50, 100 ಮತ್ತು 200 ಮಿ.ಲೀ. ಗಟ್ಟಿಗಳಾಗಿ ಹೆಪ್ಪುಗಟ್ಟಿಸಿರಿ. ಉಪ್ಪುನೀರನ್ನು ಬಲೂನಿನಲ್ಲಿ ತುಂಬಿ ಮುಳುಗಿಸುವ ಸುಲಭದ ದಾರಿ ಹಲವರಿಗೆ ಹೊಳೆಯುತ್ತದೆ, ಆದರೆ ರಬ್ಬರ್ ವಿದ್ಯುತ್ತನ್ನು ತಡೆಯುವುದರಿಂದ ಚಿತ್ರ ತಲೆಕೆಳಗಾಗುತ್ತದೆ. ಗಟ್ಟಿ ಕೋಣೆಯ ಉಷ್ಣತೆಗೆ ಇಳಿಯುವವರೆಗೂ ಕಾಯಿರಿ. ಒಂದು ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ವಾಹಕತೆ ಸುಮಾರು 2 ಪ್ರತಿಶತ ಬದಲಾಗುತ್ತದೆ.

ಅಕ್ಕಪಕ್ಕದ ಎರಡು ಸ್ಕ್ರೂಗಳ ಮೂಲಕ 50 ಕಿಲೋಹರ್ಟ್ಸ್, 1 ಮಿಲಿಆಂಪಿಯರ್ ಪರ್ಯಾಯ ವಿದ್ಯುತ್ತನ್ನು ಹರಿಸಿ, ಉಳಿದ 14 ಸ್ಕ್ರೂಗಳಲ್ಲಿ ಅಕ್ಕಪಕ್ಕದ 13 ಜೋಡಿಗಳ ವೋಲ್ಟೇಜ್ ಅಳೆದು, ಜೋಡಿಯನ್ನು ಒಂದೊಂದೇ ಹೆಜ್ಜೆ ಸರಿಸುತ್ತ ಸುತ್ತು ಮುಗಿಸಿದರೆ 208 ಅಳತೆಗಳು ದೊರೆಯುತ್ತವೆ. ವಿದ್ಯುತ್ ಇರುವಾಗ ನೀರಿಗೆ ಕೈ ಹಾಕಬಾರದು. ಹರಿಸುವ ಜೋಡಿಯನ್ನೂ ಅಳೆಯುವ ಜೋಡಿಯನ್ನೂ ಅದಲುಬದಲು ಮಾಡಿದರೆ ಅದೇ ಬೆಲೆ ಬರಬೇಕು. ಬಾರದಿದ್ದರೆ ಯಾವುದೋ ಸ್ಕ್ರೂ ಸಡಿಲವಾಗಿದೆ ಎಂದು ತಿಳಿಯಿರಿ. ಈ ತಾಳೆ ಬಿಟ್ಟು ಮುಂದೆ ಹೋದವರು ಸಂಜೆಯವರೆಗೂ ಸಾಫ್ಟ್‌ವೇರನ್ನು ಬೈಯುತ್ತ ಕೂರುತ್ತಾರೆ.

ಗಟ್ಟಿ ಇಡುವ ಮೊದಲಿನ ಅಳತೆಯೇ ಆಧಾರ, ಏಕೆಂದರೆ ಇಐಟಿಗೆ ಕಾಣುವುದು ರಕ್ತವಲ್ಲ, ಬದಲಾವಣೆ. ಈ ಟಬ್ಬಿನಲ್ಲಿ 100 ಮಿ.ಲೀ. ಗಟ್ಟಿ ನೀರಿನ ಮಟ್ಟವನ್ನು 1.4 ಮಿ.ಮೀ. ಏರಿಸುತ್ತದೆ, ಅದೂ ಬದಲಾವಣೆಯೇ ಆದ್ದರಿಂದ ಅಷ್ಟೇ ನೀರನ್ನು ಸಿರಿಂಜಿನಿಂದ ತೆಗೆಯಿರಿ. ಮತ್ತೊಮ್ಮೆ ಅಳೆದು, ಎರಡೂ ಅಳತೆಗಳನ್ನು ಉಚಿತವಾಗಿ ಸಿಗುವ, ಇಐಟಿ ಚಿತ್ರ ಮೂಡಿಸುವ ಐಡೋರ್ಸ್ ತಂತ್ರಾಂಶಕ್ಕೆ ಆಕ್ಟೇವ್ ಎಂಬ ಗಣಿತ ತಂತ್ರಾಂಶದಲ್ಲಿ ಕೊಟ್ಟರೆ ವ್ಯತ್ಯಾಸದ ಚಿತ್ರ ಮೂಡುತ್ತದೆ. ಅಂಚಿನಲ್ಲಿ ಸ್ಪಷ್ಟವಾಗಿ ಕಂಡ ಗಟ್ಟಿಯೇ ನಡುವಿಗೆ ಬಂದರೆ ಮಸುಕಾಗಿ ಹರಡಿಕೊಳ್ಳುತ್ತದೆ. ಹೊಟ್ಟೆಯ ಆಳದಲ್ಲಿ ನಿಂತ ರಕ್ತ ಏಕೆ ಕಷ್ಟವೆಂಬುದು ಅಲ್ಲಿ ತಿಳಿಯುತ್ತದೆ.

ಕೊನೆಗೆ, ಲೀಟರಿಗೆ 8 ಗ್ರಾಂ ಉಪ್ಪಿನ ಇನ್ನೊಂದು ಗಟ್ಟಿಯನ್ನು ತುಂಬಿದ ಮೂತ್ರಕೋಶವೆಂದು ಭಾವಿಸಿ ಒಂಟಿಯಾಗಿ ಇಟ್ಟು, ಆ ಚಿತ್ರವನ್ನಷ್ಟೇ ಜೊತೆಗಾರರಿಗೆ ತೋರಿಸಿ, ಅದು ರಕ್ತವೇ ಮೂತ್ರವೇ ಎಂದು ಕೇಳಿ ನೋಡಿರಿ.