ಪಂಪ್ ಏರ್ ಪಿಸ್ತೂಲಿಗೆ ಸೈಟ್: ಆಯ್ಕೆ ಮತ್ತು ಜೋಡಣೆ

ಕೈಯಿಂದ ಗಾಳಿ ತುಂಬುವ ಪಿಸ್ತೂಲಿಗೆ ಸೈಟ್ (ಗುರಿ ನೋಡುವ ಸಾಧನ) ಆರಿಸುವಾಗ, ಪಂಪ್ ಮಾಡುವ ವೇಳೆ ಪಿಸ್ತೂಲನ್ನು ಎಲ್ಲಿ ಹಿಡಿಯುತ್ತೀರಿ ಎಂಬುದನ್ನು ಮೊದಲು ಗಮನಿಸಬೇಕು. ಮೇಲ್ಭಾಗದಲ್ಲಿ ದುರ್ಬೀನಿನಂಥ ಉದ್ದನೆಯ ಸ್ಕೋಪ್ ಕುಳಿತರೆ ಆ ಹಿಡಿತಕ್ಕೆ ಜಾಗವೇ ಉಳಿಯುವುದಿಲ್ಲ. ರೈಫಲ್ ಸ್ಕೋಪ್ ಕಣ್ಣಿಗೆ ಕೆಲವೇ ಅಂಗುಲ ದೂರದಲ್ಲಿರಬೇಕಾದ್ದರಿಂದ, ಕೈ ಚಾಚಿ ಹಿಡಿಯುವ ಪಿಸ್ತೂಲಿಗೆ ಅದು ಒಗ್ಗದು. 10 ಮೀಟರ್ ಅಭ್ಯಾಸಕ್ಕೆ ಚಿಕ್ಕ ರೆಡ್ ಡಾಟ್ (ಗಾಜಿನಲ್ಲಿ ಕಾಣುವ ಕೆಂಪು ಚುಕ್ಕೆಯಿಂದ ಗುರಿ ಹಿಡಿಯುವ ಸೈಟ್) ಅಥವಾ ತಿರುಪಿನಿಂದ ಹೊಂದಿಸಬಹುದಾದ ಹಿಂಬದಿ ಸೈಟ್ ಸಾಕೆಂಬುದು ನನ್ನ ದೃಢ ಅಭಿಪ್ರಾಯ.

ಏರ್ ಪಿಸ್ತೂಲುಗಳಲ್ಲಿ ಸೈಟ್ ಕೂರಿಸುವ ಹಳಿ ಸಾಮಾನ್ಯವಾಗಿ 11 ಮಿ.ಮೀ. ಅಗಲದ್ದು, ಅನೇಕ ರೆಡ್ ಡಾಟ್‌ಗಳ ಹಿಡಿಕೆ ಅದಕ್ಕಿಂತ ಅಗಲವಾದ ಪಿಕಾಟಿನಿ ಎಂಬ ಮಾದರಿಯ ಹಳಿಗೆ ಮಾಡಿದ್ದಾದ್ದರಿಂದ, ಕೊಳ್ಳುವ ಮೊದಲೇ ಅಳೆದು ನೋಡಿ.

ಪಿಸ್ತೂಲಿನಲ್ಲಿ ಪೆಲೆಟ್ (ಚಿಕ್ಕ ಗುಂಡು) ಆಗಲಿ ಗಾಳಿಯಾಗಲಿ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಜೋಡಣೆಗೆ ಕೈಹಾಕಬೇಕು. ಹಳಿಯ ಎಣ್ಣೆ ಒರೆಸಿ, ತಿರುಪುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಪ್ಲಾಸ್ಟಿಕ್ ಮೈಯಾದರೆ ಅತಿಯಾಗಿ ಬಿಗಿಯಬಾರದು.

ಗುರಿ ಹೊಂದಿಸುವಾಗ ಬಹುತೇಕರು ಎಡವುವುದು ಪಂಪ್‌ಗಳ ಸಂಖ್ಯೆಯಲ್ಲಿ. ಪಂಪ್ ಹೆಚ್ಚಿದಂತೆ ಪೆಲೆಟ್‌ನ ವೇಗವೂ ಹೆಚ್ಚಿ, ಅದು ತಗಲುವ ಎತ್ತರ ಬದಲಾಗುತ್ತದೆ. ಹೀಗಾಗಿ ಪ್ರತಿ ಹೊಡೆತಕ್ಕೂ ಅಷ್ಟೇ ಪಂಪ್, ಅದೇ ಪೆಲೆಟ್ ಇರಲಿ. ಐದು ಹೊಡೆತಗಳ ಗುಂಪಿನ ಮಧ್ಯಬಿಂದುವನ್ನು ನೋಡಿ, ಅದು ಯಾವ ಕಡೆಗೆ ಸರಿಯಬೇಕೋ ಆ ಕಡೆಗೇ ಹಿಂಬದಿ ಸೈಟನ್ನು ಸರಿಸಿ.