ಮೊದಲು ರೋಲ್ ನಂಬರ್, ಆಮೇಲೆ ದೇಣಿಗೆ: ಸೈನಿಕ ಶಾಲೆಯ ಹಳೆಯ ವಿದ್ಯಾರ್ಥಿಯಾಗಿ ನನ್ನ ಅನುಭವ

ವಿಜಯಪುರದ ಸೈನಿಕ ಶಾಲೆಯಲ್ಲಿ ಆರನೆಯ ತರಗತಿಯಿಂದ ಹನ್ನೆರಡನೆಯವರೆಗೆ ಓದಿ ಹೊರಬಂದವನು ನಾನು. ಸೇನಾಧಿಕಾರಿಗಳಾಗುವವರಿಗೆ ತರಬೇತಿ ಕೊಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಲಿಖಿತ ಪರೀಕ್ಷೆಯನ್ನೂ ಸೇವಾ ಆಯ್ಕೆ ಮಂಡಳಿಯ (ಎಸ್‌ಎಸ್‌ಬಿ) ಸಂದರ್ಶನವನ್ನೂ ದಾಟಿದ ಮೇಲೆ ವೈದ್ಯಕೀಯ ತಪಾಸಣೆಯಲ್ಲಿ ದೃಷ್ಟಿದೋಷ ಕಂಡುಬಂದದ್ದರಿಂದ ಸಮವಸ್ತ್ರ ತೊಡುವ ಯೋಗ ನನಗೆ ಕೂಡಿಬರಲಿಲ್ಲ. ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ನೆಲೆಸಿದೆ. ಹಲವು ವರ್ಷಗಳಿಂದ ನಮ್ಮ ಬ್ಯಾಚ್‌ನ ಪ್ರತಿನಿಧಿಯಾಗಿ ಗೆಳೆಯರ ಸಂಪರ್ಕ ಉಳಿಸಿಕೊಳ್ಳುವ, ಶಾಲೆಗೆ ನಮ್ಮಿಂದಾದದ್ದನ್ನು ತಲುಪಿಸುವ ಕೆಲಸದಲ್ಲಿ ತೊಡಗಿದ್ದೇನೆ. ಬೇರೆ ಬ್ಯಾಚ್‌ಗಳ ಕಿರಿಯರು, ಕೊಡಗಿನ ಸೈನಿಕ ಶಾಲೆಯಿಂದ ಬಂದ ಕೆಲವು ತರುಣರು ಇದನ್ನೆಲ್ಲ ಹೇಗೆ ಮಾಡಿದಿರೆಂದು ಮತ್ತೆಮತ್ತೆ ಕೇಳುವುದರಿಂದ, ನಾವು ನಡೆದ ದಾರಿಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ರಕ್ಷಣಾ ಸಚಿವ ವಿ. ಕೆ. ಕೃಷ್ಣ ಮೆನನ್ ಅವರ ಕಾಲದಲ್ಲಿ, 1961ರಲ್ಲಿ, ಸಾತಾರಾದಿಂದ ಆರಂಭವಾದ ಸೈನಿಕ ಶಾಲೆಗಳ ಯೋಜನೆ ಕರ್ನಾಟಕಕ್ಕೆ ಬಂದದ್ದು 1963ರಲ್ಲಿ, ಆಗಿನ ಬಿಜಾಪುರಕ್ಕೆ. ಸಾಮಾನ್ಯ ಮನೆತನಗಳ ಮಕ್ಕಳನ್ನೂ ಸೇನಾಧಿಕಾರಿ ಹುದ್ದೆಗೆ ಅಣಿಗೊಳಿಸುವುದು ಯೋಜನೆಯ ಉದ್ದೇಶವಾಗಿತ್ತು. ಪ್ರಾಂಶುಪಾಲರು ಸೇನೆಯ ಮೂರು ಅಂಗಗಳಲ್ಲಿ ಒಂದರಿಂದ ಬರುತ್ತಾರೆ. ಜಾಗ, ಕಟ್ಟಡ ಮತ್ತು ವಿದ್ಯಾರ್ಥಿವೇತನದ ಹೊಣೆ ರಾಜ್ಯ ಸರ್ಕಾರದ್ದು. ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರ, ಆದಿಲ್‌ಶಾಹಿ, ಒಡೆಯರ್ ಎಂಬ ಹೌಸ್‌ಗಳಲ್ಲಿ, ಅಂದರೆ ವಸತಿ ನಿಲಯಗಳಲ್ಲಿ, ಹಂಚಿಹೋಗಿ, ಬೆಳಗಿನ ಪಿಟಿಯಿಂದ ರಾತ್ರಿಯ ಓದಿನ ವೇಳೆಯಾದ ಪ್ರೆಪ್‌ವರೆಗೆ ಒಟ್ಟಿಗೆ ಬೆಳೆದ ಹುಡುಗರು ನಾವು. ಇಷ್ಟು ಹತ್ತಿರದಲ್ಲಿ ಬೆಳೆದವರು ಎಂದಾದರೂ ದೂರವಾಗುವುದುಂಟೇ ಎಂದು ಹೊರಗಿನವರಿಗೆ ಅನ್ನಿಸಬಹುದು. ಆದರೆ ದೂರವಾಗುತ್ತಾರೆ, ಅದೂ ಬಹಳ ಬೇಗ. ಸೇನೆ ಸೇರಿದವರಿಗೆ ಎರಡು ಮೂರು ವರ್ಷಕ್ಕೊಮ್ಮೆ ವರ್ಗಾವಣೆ. ಸೇರದವರಲ್ಲಿ ಕೆಲವರು ವಿದೇಶಕ್ಕೆ, ಕೆಲವರು ಊರಿಗೆ, ಕೆಲವರು ಯಾರ ಕಣ್ಣಿಗೂ ಬೀಳದ ಕಡೆಗೆ ಹೊರಟುಹೋಗುತ್ತಾರೆ.

ನಾನು ಮೊದಲು ಕೈಹಾಕಿದ್ದು ಒಂದು ದಾಖಲೆ ಪುಸ್ತಕಕ್ಕೆ. ಅದನ್ನು ಹೆಸರಿನ ಅಕಾರಾದಿಯಲ್ಲಿ ಇಡದೆ ರೋಲ್ ನಂಬರಿನ ಕ್ರಮದಲ್ಲಿ ಇಟ್ಟೆ. ಉತ್ತರ ಕರ್ನಾಟಕದ ಶಾಲೆಯ ಹೆಸರುಗಳ ಪಾಡು ತಿಳಿದವರಿಗೆ ಇದರ ಕಾರಣ ಗೊತ್ತಾಗುತ್ತದೆ. ಒಂದೇ ಬ್ಯಾಚ್‌ನಲ್ಲಿ ಪಾಟೀಲರು ಹಲವರು, ಕುಲಕರ್ಣಿಗಳು ಕೆಲವರು, ಒಂದೇ ಇನಿಷಿಯಲ್ ಇರುವವರೂ ಇಬ್ಬರು ಮೂವರು. ಶಾಲೆಯಲ್ಲಿ ಎಸ್. ಬಿ. ಪಾಟೀಲ ಎಂದಿದ್ದವನು ಸೇನೆಯ ದಾಖಲೆಯಲ್ಲಿ ತಂದೆಯ ಹೆಸರು ಬಿಡಿಸಿ ಬರೆದು ಬೇರೆಯೇ ಆಗಿರುತ್ತಾನೆ, ಪಾಸ್‌ಪೋರ್ಟಿನಲ್ಲಿ ಊರ ಹೆಸರು ಸೇರಿ ಮತ್ತೊಂದಾಗಿರುತ್ತಾನೆ. ಆದರೆ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ, ಷರ್ಟಿನ ಕಾಲರಿನ ಒಳಗೆ ಮಾಸದ ಶಾಯಿಯಲ್ಲಿ, ಮೆಸ್‌ನ ತಟ್ಟೆಯ ಅಡಿಯಲ್ಲಿ ಕೊರೆದು ಬರೆದಿದ್ದ ಆ ಸಂಖ್ಯೆಯನ್ನು ಯಾರೂ ಮರೆತಿಲ್ಲ. ಮೂವತ್ತು ವರ್ಷ ಮಾತಿಲ್ಲದೆ ಇದ್ದವನಿಗೆ ಫೋನ್ ಮಾಡಿ ರೋಲ್ ನಂಬರ್ ಹೇಳಿದರೆ ಆ ಕಡೆಯ ದನಿಯೇ ಬದಲಾಗುತ್ತದೆ.

ಪುಸ್ತಕದ ಪ್ರತಿಯೊಂದು ಸಾಲಿನಲ್ಲಿ ರೋಲ್ ನಂಬರ್, ಹೌಸ್, ಶಾಲೆ ಸೇರಿದ ಮತ್ತು ಬಿಟ್ಟ ವರ್ಷ, ಹುಟ್ಟೂರಿನ ವಿಳಾಸ, ರಕ್ತದ ಗುಂಪು, ಮನೆಯಲ್ಲಿ ಇನ್ನೊಬ್ಬರ ಫೋನ್ ನಂಬರ್ ಇವಿಷ್ಟನ್ನು ಇಟ್ಟೆ. ಸೇವೆಯಲ್ಲಿರುವವರ ಯೂನಿಟ್, ಈಗಿರುವ ಸ್ಥಳ ಇವನ್ನು ಬೇಕೆಂದೇ ಕೇಳಲಿಲ್ಲ. ಅವನ್ನು ನಾವು ಕೇಳುವುದೂ ಅವರು ಹಂಚುವುದೂ ಸಲ್ಲದು. ಈ ಎಚ್ಚರ ಮುಂದೆ ನಮ್ಮನ್ನು ಕಾಯಿತು. 2020ರಲ್ಲಿ ಸೇನೆಯು ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಸೇರಿದಂತೆ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆದುಹಾಕುವಂತೆ ತನ್ನವರಿಗೆ ಸೂಚಿಸಿದಾಗ, ಅಂಥವುಗಳನ್ನೇ ನೆಚ್ಚಿಕೊಂಡಿದ್ದ ಕೆಲವು ಗುಂಪುಗಳು ಸೇವೆಯಲ್ಲಿದ್ದವರ ಕೊಂಡಿ ಕಳೆದುಕೊಂಡವು. ನಮ್ಮಲ್ಲಿ ಹುಟ್ಟೂರಿನ ವಿಳಾಸವೂ ಮನೆಯವರ ಫೋನೂ ಇದ್ದದ್ದರಿಂದ ಒಬ್ಬರೂ ಕೈತಪ್ಪಲಿಲ್ಲ.

ಸಿಗದವರನ್ನು ಹುಡುಕುವಾಗ ಅಂತರಜಾಲಕ್ಕಿಂತ ಊರೇ ಹೆಚ್ಚು ನೆರವಾಯಿತು. ಇಂಡಿ ತಾಲ್ಲೂಕಿನ ಒಂದು ಹಳ್ಳಿಯ ಗೆಳೆಯನ ಸುಳಿವು ಸಿಕ್ಕಿದ್ದು ಅಲ್ಲಿನ ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿಯಿಂದ. ಹನ್ನೆರಡನೆಯ ತರಗತಿಯ ನಂತರ ತಂದೆ ತೀರಿಕೊಂಡು, ಓದು ಅಲ್ಲಿಗೇ ನಿಂತು, ಆತ ಹೊಲ ನೋಡಿಕೊಂಡು ಉಳಿದಿದ್ದ. ಮನೆಗೆ ಹೋದಾಗ ಅವನ ಮೊದಲ ಮಾತು ಹೀಗಿತ್ತು: “ನೀವೆಲ್ಲಾ ಸಾಹೇಬ್ರಾಗೀರಿ, ನಾ ಬಂದು ಏನ್ ಮಾಡ್ಲೋ?”

ಈ ಮಾತಿನ ಮೇಲೆ ನಾನು ತುಸು ಹೆಚ್ಚು ಹೊತ್ತು ನಿಲ್ಲಬೇಕಾಗಿದೆ. ಸೈನಿಕ ಶಾಲೆಯ ಗುರಿ ಎನ್‌ಡಿಎ. ಆ ಗುರಿ ಮುಟ್ಟುವವರು ಯಾವ ಬ್ಯಾಚ್‌ನಲ್ಲಿಯೂ ಎಲ್ಲರೂ ಇರುವುದಿಲ್ಲ. ಮುಟ್ಟದವರ ಮನಸ್ಸಿನಲ್ಲಿ, ಮುಂದೆ ಅವರು ವೈದ್ಯರಾಗಲಿ, ಮೇಷ್ಟ್ರಾಗಲಿ, ಶಾಲೆಯ ಋಣ ತೀರಿಸದೆ ಉಳಿದೆವೆಂಬ ಅಳುಕು ಬಹುಕಾಲ ಉಳಿಯುತ್ತದೆ, ನನ್ನಲ್ಲಿಯೂ ಉಳಿದಿತ್ತು. ಸಭೆಗಳಲ್ಲಿ ವೇದಿಕೆಯ ಮೇಲೆ ಪದಕ ಧರಿಸಿದವರಷ್ಟೇ ಕುಳಿತರೆ ಉಳಿದವರು ಒಂದೆರಡು ಸಲ ಬಂದು ನಿಂತುಬಿಡುತ್ತಾರೆ. ಹಳೆಯ ವಿದ್ಯಾರ್ಥಿಗಳ ಸಂಘ ಬಾಳುವುದೂ ಸೊರಗುವುದೂ ಈ ಉಳಿದವರು ಬರುತ್ತಾರೋ ಇಲ್ಲವೋ ಎಂಬುದರ ಮೇಲೆ ಎಂದು ನಾನು ನಂಬುತ್ತೇನೆ. ಆದ್ದರಿಂದ ನಮ್ಮ ಬ್ಯಾಚ್ ಸೇರಿದಾಗ ಹುದ್ದೆ, ರ್‍ಯಾಂಕ್ ಹೇಳಿಕೊಳ್ಳುವ ಪರಿಚಯದ ಸುತ್ತನ್ನು ಕೈಬಿಟ್ಟು, ರೋಲ್ ನಂಬರಿನ ಸರದಿಯಲ್ಲಿ ಒಬ್ಬೊಬ್ಬರೂ ತಮ್ಮ ಊರು, ಮನೆ, ಮಕ್ಕಳ ವಿಷಯ ಹೇಳುವ ಕ್ರಮ ಮಾಡಿದೆವು. ಇಂಡಿಯ ಗೆಳೆಯ ಎರಡನೆಯ ಬಾರಿಯ ಕರೆಗೆ ಬಂದ. ಈಗ ವಿಜಯಪುರ ಜಿಲ್ಲೆಯೊಳಗಿನ ಗೆಳೆಯರ ಹೊಣೆ ಅವನದೇ. ಶಾಲೆಯ ಗೇಟಿಗೆ ಹತ್ತಿರವಿರುವವನು, ಮೆಸ್‌ನ ಹಳೆಯ ಅಡುಗೆಯವರ, ಮೇಟ್ರನ್‌ಗಳ ಮನೆ ಬಲ್ಲವನು ಅವನೇ ಆದ್ದರಿಂದ ನಿವೃತ್ತ ಸಿಬ್ಬಂದಿಗೆ ನಾವು ಮಾಡುವ ಸಣ್ಣ ನೆರವೆಲ್ಲ ಅವನ ಕೈಯಿಂದಲೇ ಹೋಗುತ್ತದೆ.

ಇನ್ನು ಶಾಲೆಗೆ ಕೊಡುವ ಮಾತು. ಹಳೆಯ ವಿದ್ಯಾರ್ಥಿಗಳ ಮೊದಲ ಆಸೆ ಸಾಮಾನ್ಯವಾಗಿ ಒಂದು ವಸ್ತು ಕೊಟ್ಟು ಅದರ ಮೇಲೆ ಬ್ಯಾಚ್‌ನ ಹೆಸರು ಬರೆಸುವುದು. ಆ ಪ್ರೀತಿ ನಿಜವಾದದ್ದೇ, ಅದನ್ನು ಹಗುರವಾಗಿ ಕಾಣಲಾರೆ. ಆದರೆ ನೀರು ಶುದ್ಧೀಕರಿಸುವ ಘಟಕ ಕೊಟ್ಟರೆ ಅದರ ಫಿಲ್ಟರ್ ಬದಲಿಸಲು ಪ್ರತಿವರ್ಷ ಹಣ ಬೇಕು, ಕಂಪ್ಯೂಟರ್ ಕೊಟ್ಟರೆ ಐದಾರು ವರ್ಷಕ್ಕೆ ಅದು ಹಳತಾಗುತ್ತದೆ, ಕೊಟ್ಟದ್ದೆಲ್ಲ ಶಾಲೆಯ ಆಸ್ತಿ ವಹಿಗೆ ಏರುವುದರಿಂದ ಕೆಟ್ಟರೂ ಸುಮ್ಮನೆ ಎಸೆಯುವ ಹಾಗಿಲ್ಲ. ನಾವು ಇಟ್ಟುಕೊಂಡ ಪದ್ಧತಿ ಇಷ್ಟೇ: ಪ್ರಾಂಶುಪಾಲರಿಗೆ ಮೊದಲು ಪತ್ರ ಬರೆದು ಏನು ಬೇಕೆಂದು ಕೇಳುವುದು, ಅವರ ಒಪ್ಪಿಗೆ ಬರಹದಲ್ಲಿ ಬಂದ ಮೇಲೆಯೇ ಹಣ ಕೂಡಿಸುವುದು, ಯಂತ್ರವಾದರೆ ಐದು ವರ್ಷದ ನಿರ್ವಹಣೆಯ ಖರ್ಚನ್ನೂ ಜೊತೆಗೇ ತೆಗೆದಿಡುವುದು. ಯಾವುದೇ ಒಂದು ಮಗುವಿನ ಕೈಗೆ ನಾವಾಗಿಯೇ ಉಡುಗೊರೆಯನ್ನಾಗಲಿ ಹಣವನ್ನಾಗಲಿ ಕೊಡುವುದಿಲ್ಲ. ಅನುಮತಿಯಿಲ್ಲದೆ, ಶಿಕ್ಷಕರೊಬ್ಬರು ಜೊತೆಗಿಲ್ಲದೆ ಹೌಸ್‌ನ ಒಳಗೆ ಕಾಲಿಡುವುದಿಲ್ಲ. ನಾವು ಮಲಗುತ್ತಿದ್ದ ಮಂಚವನ್ನು ನೋಡಬೇಕೆಂಬ ಹಂಬಲ ಎಷ್ಟೇ ಇರಲಿ, ಈಗ ಅದು ಬೇರೊಂದು ಮಗುವಿನ ಮನೆ.

ಹಣದ ಕಾನೂನನ್ನು ಆರಂಭದಲ್ಲಿಯೇ ತಿಳಿದುಕೊಳ್ಳುವುದು ಒಳ್ಳೆಯದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ನೋಂದಾಯಿಸಿದ ಸಂಘದ ಖಾತೆಗೆ ಮಾತ್ರ ದೇಣಿಗೆ ಬರಬೇಕು; ಯಾರೊಬ್ಬರ ಸ್ವಂತ ಖಾತೆಗೂ ಬರಬಾರದು, ಅವರು ಎಷ್ಟೇ ನಂಬಿಕಸ್ಥರಾಗಿದ್ದರೂ. ದೇಣಿಗೆಗೆ ಆದಾಯ ತೆರಿಗೆಯಲ್ಲಿ ಸಿಗುವ ರಿಯಾಯಿತಿಗೆ ಎರಡು ಸಾವಿರ ರೂಪಾಯಿ ಮೀರಿದ ನಗದು ದೇಣಿಗೆ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಎಲ್ಲವನ್ನೂ ಬ್ಯಾಂಕಿನ ಮೂಲಕವೇ ಪಡೆಯುತ್ತೇವೆ. ಹೆಚ್ಚು ಗೊಂದಲವಾಗುವುದು ವಿದೇಶದಲ್ಲಿರುವ ಗೆಳೆಯರ ವಿಷಯದಲ್ಲಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ದುಬೈಯಲ್ಲೋ ಸಿಂಗಪುರದಲ್ಲೋ ದುಡಿಯುವವನು ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ಹಣ ವಿದೇಶಿ ವಂತಿಗೆಯಾಗುವುದಿಲ್ಲ. ಆದರೆ ಅಮೆರಿಕದ ಪೌರತ್ವ ಪಡೆದವನು, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಕೊಡುವ ಹಣ ವಿದೇಶಿ ವಂತಿಗೆಯೇ ಆಗುತ್ತದೆ, ಎಫ್‌ಸಿಆರ್‌ಎ (ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ) ನೋಂದಣಿಯೋ ಅನುಮತಿಯೋ ಇಲ್ಲದ ಸಂಘ ಅದನ್ನು ಮುಟ್ಟುವ ಹಾಗಿಲ್ಲ. ಅಂಥ ಗೆಳೆಯರಿಗೆ ಹಣ ಬೇಡ, ವಾರಕ್ಕೊಂದು ಗಂಟೆ ಕೊಡಿ ಎಂದು ಕೇಳುತ್ತೇವೆ. ಅವರು ಸಂತೋಷದಿಂದ ಕೊಡುತ್ತಾರೆ.

ಆ ಗಂಟೆಗಳು ಹೋಗುವುದು ಹೆಚ್ಚಾಗಿ ಎಸ್‌ಎಸ್‌ಬಿ ತಯಾರಿಗೆ. ನಾವು ಮಾಡಿದ್ದರಲ್ಲೆಲ್ಲ ಇದೇ ಶಾಲೆಗೆ ಹೆಚ್ಚು ಒದಗಿಬಂದದ್ದೆಂದು ನನ್ನ ಎಣಿಕೆ. ಎನ್‌ಡಿಎ ಆಯ್ಕೆಯಲ್ಲಿ ಲಿಖಿತ ಪರೀಕ್ಷೆಗೆ 900 ಅಂಕ, ಸಂದರ್ಶನಕ್ಕೂ 900 ಅಂಕ. ಗಣಿತವನ್ನು ಶಾಲೆಯ ಶಿಕ್ಷಕರು ಚೆನ್ನಾಗಿಯೇ ಕಲಿಸುತ್ತಾರೆ. ಐದು ದಿನಗಳ ಸಂದರ್ಶನದಲ್ಲಿ ಹುಡುಗರು ಎಡವುವುದು ಬೇರೆ ಕಡೆ: ಮೊದಲ ದಿನದ ಸ್ಕ್ರೀನಿಂಗ್‌ನ ಗುಂಪು ಚರ್ಚೆಯಲ್ಲಿ ಗದ್ದಲದ ನಡುವೆ ಬಾಯಿ ತೆರೆಯಲಾರರು, ಹದಿನೈದು ಸೆಕೆಂಡಿಗೊಂದರಂತೆ ತೋರಿಸುವ ಅರುವತ್ತು ಪದಗಳಿಗೆ ತಮಗೆ ತೋಚಿದ ವಾಕ್ಯ ಬರೆಯುವ ಬದಲು ಕೋಚಿಂಗ್ ಪುಸ್ತಕದಿಂದ ಉರು ಹೊಡೆದ ವಾಕ್ಯಗಳನ್ನು ಬರೆಯುತ್ತಾರೆ, ತಮ್ಮ ಬಗ್ಗೆ ಬರೆಯೆಂದಾಗ ಯಾರದೋ ಬದುಕನ್ನು ಬರೆಯುತ್ತಾರೆ.

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರ ಮನೆಯ ಒಬ್ಬ ಹುಡುಗ ನನಗೆ ಇಂದಿಗೂ ನೆನಪಾಗುತ್ತಾನೆ. ಅವನು ಬರೆದು ತಂದಿದ್ದ ಪರಿಚಯದಲ್ಲಿ ಫುಟ್‌ಬಾಲ್, ಓದು, ದೇಶಪ್ರೇಮ ಇದ್ದವು. ಅವನೊಬ್ಬನು ಮಾತ್ರ ಇರಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಏನು ಮಾಡುತ್ತೀ ಎಂದು ಕೇಳಿದೆ. ತುಸು ಹಿಂಜರಿಯುತ್ತಲೇ ಹೇಳತೊಡಗಿದ: ದ್ರಾಕ್ಷಿ ಗೊನೆಗಳನ್ನು ದ್ರಾವಣದಲ್ಲಿ ಅದ್ದಿ ಶೆಡ್‌ನ ಬಲೆಗಳ ಮೇಲೆ ಹರವುವುದು, ಎರಡು ವಾರ ಒಣಗುವವರೆಗೆ ಕಾಯುವುದು. ಒಂದು ಸಲ ತಂದೆ ಊರಲ್ಲಿಲ್ಲದಾಗ ಸಂಜೆ ಅಕಾಲ ಮಳೆಯ ಮೋಡ ಕವಿದಿತ್ತು. ಅವನು ಪಕ್ಕದ ತೋಟದ ಆಳುಗಳನ್ನೂ ಕರೆತಂದು, ಯಾರು ಯಾವ ಬದಿಯ ತಾಡಪತ್ರಿ ಎಳೆದು ಕಟ್ಟಬೇಕೆಂದು ಹಂಚಿಕೊಟ್ಟು, ಶೆಡ್‌ನ ನಾಲ್ಕೂ ಕಡೆ ಮುಚ್ಚಿಸಿದ್ದ. ಎಸ್‌ಎಸ್‌ಬಿಯಲ್ಲಿ ಸಮೂಹ ಪರೀಕ್ಷೆಯ ಅಧಿಕಾರಿ ಎರಡು ದಿನ ಹಲಗೆ, ಹಗ್ಗ, ಡ್ರಮ್ಮು ಕೊಟ್ಟು ಹುಡುಕುವುದು ಇದೇ ಗುಣವನ್ನು ಎಂದು ಅವನಿಗೆ ಹೇಳಿದಾಗ ಅವನ ಮುಖ ಅರಳಿದ್ದನ್ನು ನಾನು ಕಂಡೆ. ಅಂದಿನಿಂದ ನಮ್ಮ ಮಾರ್ಗದರ್ಶಕರೆಲ್ಲರಿಗೂ ಒಂದೇ ವಿನಂತಿ ಮಾಡಿದ್ದೇನೆ: ಉತ್ತರ ಹೇಳಿಕೊಡಬೇಡಿ, ಮಗುವಿನ ಊರು, ಮನೆ, ಕೆಲಸದ ಬಗ್ಗೆ ಕೇಳಿ, ಅದನ್ನು ತಲೆಯೆತ್ತಿ ಹೇಳುವ ಅಭ್ಯಾಸ ಮಾಡಿಸಿ. ನಿವೃತ್ತ ಅಧಿಕಾರಿಗಳು ಪರೀಕ್ಷೆಯ ಸ್ವರೂಪ ತಿಳಿಸುತ್ತಾರೆ. ಮೂರು ನಿಮಿಷ ಯೋಚಿಸಿ ಮೂರು ನಿಮಿಷ ಮಾತಾಡುವ ಲೆಕ್ಚರೆಟ್ಟಿನ ಅಭ್ಯಾಸವನ್ನು ನನ್ನಂಥ ಸಾಮಾನ್ಯರೂ ಫೋನಿನಲ್ಲಿಯೇ ಮಾಡಿಸಬಲ್ಲರು. ಆಯ್ಕೆಯಾಗದೆ ಹಿಂದಿರುಗಿದವರಿಗೆ ಅದೇ ವಾರ ಫೋನ್ ಮಾಡುವ ಕೆಲಸವನ್ನು ಸಮವಸ್ತ್ರ ತೊಡದ ನಾವು ಕೆಲವರು ವಹಿಸಿಕೊಂಡಿದ್ದೇವೆ. ಆ ಹುಡುಗರಿಗೆ ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ ಪದವಿಗಳ ದಾರಿ ಹೇಳುತ್ತೇವೆ. ಪದವಿಯ ನಂತರ ಸಿಡಿಎಸ್ (ಸಂಯುಕ್ತ ರಕ್ಷಣಾ ಸೇವೆಗಳ) ಪರೀಕ್ಷೆಯ ಮೂಲಕ ಮತ್ತೆ ಪ್ರಯತ್ನಿಸಬಹುದೆಂಬುದನ್ನೂ ನೆನಪಿಸುತ್ತೇವೆ.

ಸಂಪರ್ಕದ ನಿಜವಾದ ಬೆಲೆ ತಿಳಿಯುವುದು ಗೆಳೆಯನೊಬ್ಬ ತೀರಿಕೊಂಡಾಗ. ಸೇವೆಯಲ್ಲಿದ್ದವರ ಕುಟುಂಬಕ್ಕೆ ರೆಜಿಮೆಂಟು, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಬೆಂಬಲಕ್ಕೆ ನಿಲ್ಲುತ್ತವೆ; ಖಾಸಗಿ ಕೆಲಸದಲ್ಲಿದ್ದವರ ಕುಟುಂಬಕ್ಕೆ ಅಂಥ ಆಸರೆ ಕಡಿಮೆ. ನಮ್ಮ ಗೆಳೆಯನೊಬ್ಬ ಹೃದಯಾಘಾತದಿಂದ ಹೋದಾಗ ಅವನ ಹೆಂಡತಿಗೆ ಭವಿಷ್ಯನಿಧಿಯ ಹಣ ಗೊತ್ತಿತ್ತು, ಅದರೊಡನೆ ಭವಿಷ್ಯನಿಧಿ ಸದಸ್ಯರಿಗಿರುವ, ಏಳು ಲಕ್ಷ ರೂಪಾಯಿಯವರೆಗಿನ ಇಡಿಎಲ್‌ಐ ಜೀವವಿಮೆಯೂ ವಿಧವಾ ಪಿಂಚಣಿಯೂ ಉಂಟೆಂಬುದು ಗೊತ್ತಿರಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿದ್ದ ಒಬ್ಬ, ವಕೀಲನಾದ ಒಬ್ಬ ಸೇರಿ ಅರ್ಜಿಗಳನ್ನೆಲ್ಲ ತುಂಬಿ, ಮಂಜೂರಾಗುವವರೆಗೆ ಬೆನ್ನುಹತ್ತಿದರು. ಅವರಿಬ್ಬರನ್ನೂ ಆ ತಾಯಿ ಈಗಲೂ “ನಮ್ಮ ಮೈದುನರು” ಎಂದೇ ಕರೆಯುತ್ತಾರೆ. ಆಮೇಲೆ ಬ್ಯಾಚ್‌ನ ಪ್ರತಿಯೊಬ್ಬನಿಂದಲೂ ನಾಮಿನಿ ಹೆಸರು ಸರಿಯಿದೆಯೆಂದು ಖಚಿತಪಡಿಸಿಕೊಳ್ಳುವ ರೂಢಿ ಮಾಡಿದ್ದೇವೆ. ಮದುವೆಗೆ ಮೊದಲು ಬರೆದ ತಾಯಿಯ ಹೆಸರೇ ಹಾಗೆಯೇ ಉಳಿದಿರುವುದು ಬಹಳ ಸಾಮಾನ್ಯ.

ಸದ್ಯ ನಮ್ಮ ಮುಂದಿರುವ ಕೆಲಸ ಹೊಸದು. 2020-21ರಲ್ಲಿ ದೇಶದ ಐದು ಸೈನಿಕ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಕೊಡಲು ನಿರ್ಧರಿಸಿದಾಗ ವಿಜಯಪುರವೂ ಕೊಡಗೂ ಆ ಪಟ್ಟಿಯಲ್ಲಿದ್ದವು. ಆಗ ಆರನೆಯ ತರಗತಿಗೆ ಸೇರಿದವರ ಪಾಲಿಗೆ 2027 ಹನ್ನೆರಡನೆಯ ತರಗತಿ ಮುಗಿಸುವ ವರ್ಷ. ಎನ್‌ಡಿಎ ಮಹಿಳಾ ಕೆಡೆಟ್‌ಗಳನ್ನು 2022ರಿಂದ ತೆಗೆದುಕೊಳ್ಳುತ್ತಿದೆ, 2025ರ ಮೇ ತಿಂಗಳಲ್ಲಿ ಅವರ ಮೊದಲ ತಂಡದ 17 ಮಂದಿ ಅಲ್ಲಿಂದ ತೇರ್ಗಡೆಯಾಗಿ ಹೊರಬಂದಿದ್ದಾರೆ. ಈ ಹೆಣ್ಣುಮಕ್ಕಳಿಗೆ ಮಾರ್ಗದರ್ಶನ ಮಾಡಲು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಮಹಿಳೆಯರು ಯಾರೂ ಇಲ್ಲ. ಹಾಗಾಗಿ ನಮ್ಮ ಬ್ಯಾಚ್‌ಗಳ ಅಧಿಕಾರಿಗಳು ತಮ್ಮೊಡನೆ ಸೇವೆ ಸಲ್ಲಿಸಿದ, ಈಗ ನಿವೃತ್ತರಾಗಿರುವ ಕನ್ನಡ ಬಲ್ಲ ಮಹಿಳಾ ಅಧಿಕಾರಿಗಳನ್ನು ಸಂಪರ್ಕಿಸುತ್ತಿದ್ದಾರೆ, ಕೆಲವರು ಒಪ್ಪಿಕೊಂಡಿದ್ದಾರೆ. ಸಂದರ್ಶನದ ತಯಾರಿ, ವೈದ್ಯಕೀಯ ತಪಾಸಣೆಯ ವಿವರ, ತಂದೆತಾಯಂದಿರ ಆತಂಕಗಳಿಗೆ ಉತ್ತರ, ಈ ಮೂರನ್ನೂ ಅವರು ಹಂಚಿಕೊಳ್ಳಲಿದ್ದಾರೆ. ದಾಖಲೆ ಪುಸ್ತಕದಲ್ಲಿ ಆ ಮಕ್ಕಳ ರೋಲ್ ನಂಬರುಗಳಿಗೆ ಪುಟಗಳನ್ನು ಬಿಟ್ಟಿದ್ದೇವೆ; ಶಾಲೆ ಬಿಡುವ ದಿನ ಅವರೇ ತಮ್ಮ ವಿವರ ಬರೆದು, ತಮ್ಮಲ್ಲೊಬ್ಬಳನ್ನು ಬ್ಯಾಚ್ ಪ್ರತಿನಿಧಿಯಾಗಿ ಆರಿಸಿಕೊಡಬೇಕೆಂದು ಕೇಳಲಿದ್ದೇವೆ.